ಫೇರೋನ ಕಿರೀಟಗಳನ್ನು ಎಣಿಸುವುದೆಂದರೆ

ಕ್ರಿ.ಪೂ. 14ನೆಯ ಶತಮಾನದಲ್ಲಿ ಫೇರೋ ಅಖೆನಾತೆನ್ ತನ್ನ ಸೂರ್ಯದೇವ ಅತೆನ್‌ಗಾಗಿ ಕಾರ್ನಾಕ್‌ನಲ್ಲಿ ಗುಡಿಗಳನ್ನು ಕಟ್ಟಿಸಿದ. ನಂತರ ಬಂದ ದೊರೆಗಳು ಅವನ್ನು ಕೆಡವಿ, ಆ ಕಲ್ಲುಗಳನ್ನೇ ತಮ್ಮ ಹೆಬ್ಬಾಗಿಲುಗಳ ಒಳಗೆ ತುಂಬಿಸಿಬಿಟ್ಟರು. ಅರ್ಧ ಮೀಟರಿನಷ್ಟು ಉದ್ದದ, ಚಿತ್ರ ಕೊರೆದ ಈ ಕಲ್ಲುಗಳಿಗೆ ತಲತಾತ್ ಎಂದು ಹೆಸರು. 1966ರಲ್ಲಿ ರೇ ವಿನ್‌ಫೀಲ್ಡ್ ಸ್ಮಿತ್ ಆರಂಭಿಸಿದ ಯೋಜನೆಯು ಸುಮಾರು 35,000 ತಲತಾತ್‌ಗಳ ಛಾಯಾಚಿತ್ರ ಮತ್ತು ವಿವರಗಳನ್ನು ಸಂಗ್ರಹಿಸಿ, ಐಬಿಎಂ ಕಂಪ್ಯೂಟರಿನ ನೆರವಿನಿಂದ ಒಡೆದ ದೃಶ್ಯಗಳನ್ನು ಕಾಗದದ ಮೇಲೆ ಮತ್ತೆ ಜೋಡಿಸಲು ಹೊರಟಿತು. ಗುರುತಿಸಲು ಸಾಧ್ಯವಾದ ಚಿತ್ರಗಳನ್ನು ಎಣಿಸಿದಾಗ ವಿದ್ವಾಂಸರು ಬೆರಗಾದರು: ರಾಣಿ ನೆಫರ್‌ತೀತಿ ರಾಜನಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಲ ಕಾಣಿಸಿಕೊಂಡಿದ್ದಳು.

ಹಾಗಾದರೆ ರಾಣಿಯ ಅಧಿಕಾರ ರಾಜನದ್ದಕ್ಕಿಂತ ದೊಡ್ಡದಿತ್ತೇ? ಎಣಿಕೆ ಸುಳ್ಳಲ್ಲ, ಆದರೆ ಅದರಿಂದ ಈ ತೀರ್ಮಾನಕ್ಕೆ ಜಿಗಿಯುವಂತಿಲ್ಲ. ಆ ಗುಡಿಗಳಲ್ಲಿ ಹುತ್‌ಬೆನ್‌ಬೆನ್ ಎಂಬ ಒಂದು ಕಟ್ಟಡವಿತ್ತು. ಅಲ್ಲಿ ಅತೆನ್‌ಗೆ ನೈವೇದ್ಯ ಅರ್ಪಿಸುವವಳು ರಾಣಿ, ಜೊತೆಗೆ ಮಗಳು. ರಾಜನ ಸುಳಿವೇ ಇಲ್ಲ. ಅದರ ಕಲ್ಲುಗಳು ದೊಡ್ಡ ಪ್ರಮಾಣದಲ್ಲಿ ಉಳಿದಿರುವುದರಿಂದ ಒಟ್ಟು ಲೆಕ್ಕ ರಾಣಿಯ ಕಡೆ ವಾಲುತ್ತದೆ. ಒಬ್ಬ ರಾಣಿಗೇ ಮೀಸಲಾದ ಪೂಜಾಸ್ಥಳವೊಂದಿತ್ತು ಎಂಬುದು ಮಹತ್ವದ ಸಂಗತಿ. ಆದರೆ ಅದು "ಎರಡು ಪಟ್ಟು" ಎಂಬ ಸಂಖ್ಯೆಯಲ್ಲಿಲ್ಲ, ಯಾವ ಕಲ್ಲು ಯಾವ ಕಟ್ಟಡದ್ದು ಎಂಬ ವಿವರದಲ್ಲಿದೆ. ಶಾಲೆಯ ಗಣಿತದಲ್ಲಿ ಛೇದ ಗೊತ್ತಿಲ್ಲದೆ ಅಂಶವನ್ನಷ್ಟೇ ನೋಡಿ ಭಿನ್ನರಾಶಿಯ ಬೆಲೆ ಹೇಳಲು ಬರುವುದಿಲ್ಲ. ಈಜಿಪ್ಟಿನ ರಾಜಕಲೆಯ ಸಂಕೇತಗಳನ್ನು ಎಣಿಸುವ ಪರಂಪರೆಯ ಶಕ್ತಿಯನ್ನೂ ಸೋಲನ್ನೂ ನಾನು ಅಳೆಯುವುದು ಈ ಛೇದದಿಂದಲೇ.

ಈ ಪರಂಪರೆ ಹುಟ್ಟಿದ್ದು ಒಂದು ಭ್ರಮೆಯನ್ನು ಕಳೆಯುವ ಕೆಲಸದಿಂದ. ಸ್ಕಾಟ್ಲೆಂಡಿನ ಖಗೋಳಶಾಸ್ತ್ರಜ್ಞ ಚಾರ್ಲ್ಸ್ ಪಿಯಾಜಿ ಸ್ಮಿತ್ ಮಹಾಪಿರಮಿಡ್ಡಿನ ಅಳತೆಗಳಲ್ಲಿ ವರ್ಷದ ದಿನಗಳ ಸಂಖ್ಯೆಯೇ ಅಡಗಿದೆ ಎಂದು ನಂಬಿದ್ದ. ಅದನ್ನು ಪರೀಕ್ಷಿಸಲು ಗೀಜಾಕ್ಕೆ ಹೋದ ಯುವಕ ಫ್ಲಿಂಡರ್ಸ್ ಪೆಟ್ರಿ 1880–82ರಲ್ಲಿ ಎಚ್ಚರದಿಂದ ಅಳೆದ. ಬುಡದ ಪ್ರತಿ ಬದಿ ಸುಮಾರು 230 ಮೀಟರ್ ಎಂದು ಗೊತ್ತಾಯಿತು. ಸ್ಮಿತ್‌ನ ಸಿದ್ಧಾಂತಕ್ಕೆ ಬೇಕಿದ್ದ ಉದ್ದ ಅಲ್ಲಿರಲಿಲ್ಲ. ಅಳತೆ ಮಾಡುವವನು ತನಗೆ ಪ್ರಿಯವಾದ ಅರ್ಥವನ್ನೂ ಬಿಟ್ಟುಕೊಡಲು ಸಿದ್ಧನಿರಬೇಕೆಂಬ ನೀತಿ ಈ ಪರಂಪರೆಗೆ ಬಂದದ್ದು ಇಲ್ಲಿಂದ. ಅದು ಇಂದಿಗೂ ಅದರ ಅತ್ಯುತ್ತಮ ಗುಣ.

ಮುಂದೆ ನಕಾದಾ ಮೊದಲಾದೆಡೆಯ ಗೋರಿಗಳಲ್ಲಿ ಸಿಕ್ಕ ಮಡಕೆಗಳನ್ನು ಪೆಟ್ರಿ ಆಕಾರದ ಮೇಲೆ ವಿಂಗಡಿಸಿ, ಯಾವ ಬಗೆ ಯಾವುದರ ಜೊತೆ ಬರುತ್ತದೆಂದು ನೋಡಿ, ಸುಮಾರು 900 ಗೋರಿಗಳನ್ನು ಕಾಲಕ್ರಮದಲ್ಲಿ ಸಾಲಾಗಿರಿಸಿದ. 1899ರಲ್ಲಿ ಪ್ರಕಟವಾದ ಈ ವಿಧಾನಕ್ಕೆ 1963ರಲ್ಲಿ ಗಣಿತಜ್ಞ ಡೇವಿಡ್ ಕೆಂಡಾಲ್ ಗಟ್ಟಿಯಾದ ಗಣಿತದ ತಳಹದಿ ಕೊಟ್ಟರು. ಆದರೆ ಮಡಕೆಯ ಹಿಡಿಕೆ ಬದಲಾಗುವುದು ಕೈಯ ರೂಢಿಯಿಂದ, ಮಾಡುವವನ ಅರಿವಿಗೂ ಬಾರದೆ. ಫೇರೋನ ಚಿತ್ರ ಹಾಗಲ್ಲ. ಅದು ಬೇಕೆಂದೇ ಆರಿಸಿಕೊಂಡ ರೂಪ. ಬೇಕೆಂದಾಗ ಸಾವಿರ ವರ್ಷ ಹಿಂದಕ್ಕೂ ಹೋಗಬಲ್ಲದು. ಮಡಕೆಯಲ್ಲಿ ಗೆದ್ದ ವಿಧಾನವನ್ನು ರಾಜಚಿತ್ರಕ್ಕೆ ಹಾಗೆಯೇ ಹಚ್ಚಿದರೆ ಎಡವುತ್ತೇವೆ.

ಅಬುಸಿರ್‌ನಲ್ಲಿ ಐದನೆಯ ರಾಜವಂಶದ ಸಹುರೆ ಲಿಬಿಯಾದ ನಾಯಕನನ್ನು ಬಡಿಯುವ ದೃಶ್ಯವಿದೆ. ಪಕ್ಕದಲ್ಲಿ ಆ ನಾಯಕನ ಹೆಂಡತಿ, ಮಕ್ಕಳು, ಅವರ ಹೆಸರುಗಳು. ಅದೇ ಕುಟುಂಬ, ಅದೇ ಹೆಸರುಗಳು ಸಕ್ಕಾರಾದಲ್ಲಿ ಫೇರೋ ಎರಡನೆಯ ಪೆಪಿಯ ಗೋಡೆಯಲ್ಲೂ ಇವೆ; ಸಹುರೆಯಿಂದ ಸುಮಾರು 1,800 ವರ್ಷಗಳ ನಂತರ ನೂಬಿಯಾದ ಕಾವಾದಲ್ಲಿ ಫೇರೋ ತಹಾರ್ಕ ಕಟ್ಟಿಸಿದ ಗುಡಿಯಲ್ಲೂ ಇವೆ. ಪಟ್ಟಿ ಮಾಡುವವನ ಕಣ್ಣಿಗೆ ಇವು ಮೂರು ವಿಜಯಗಳು. ನಿಜಕ್ಕೂ ಇವು ಒಂದೇ ಚಿತ್ರದ ಮರುಹುಟ್ಟುಗಳು. ಪ್ರತಿ ನಿದರ್ಶನವೂ ಉಳಿದವುಗಳಿಂದ ಸ್ವತಂತ್ರವಾಗಿದೆ ಎಂಬುದು ಸಂಖ್ಯಾಶಾಸ್ತ್ರದ ಸಾಮಾನ್ಯ ಪರೀಕ್ಷೆಗಳ ಮೂಲ ನಂಬಿಕೆ. ಪೂರ್ವಿಕರನ್ನು ಅನುಕರಿಸುವುದನ್ನೇ ರಾಜಧರ್ಮವೆಂದು ಬಗೆದ ಕಲೆಯಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ರೋಮಿನ ಚಕ್ರವರ್ತಿ ತ್ರಾಜನ್ ಕೂಡ ಎಸ್ನಾದ ಗುಡಿಯಲ್ಲಿ ಫೇರೋನ ವೇಷದಲ್ಲಿ ಶತ್ರುಗಳನ್ನು ಬಡಿಯುತ್ತಾನೆ. ಅಲ್ಲಿ ಯುದ್ಧದ ವರದಿ ಹುಡುಕಬಾರದು. ರಾಜನೆಂದರೆ ಅವ್ಯವಸ್ಥೆಯನ್ನು ಅಡಗಿಸುವವನು ಎಂಬ ಪ್ರತಿಜ್ಞೆಯನ್ನು ಓದಬೇಕು.

ಹಾಗೆಂದು ಎಣಿಕೆಯನ್ನೇ ಕೈಬಿಡಬೇಕೆ? ಖಂಡಿತ ಇಲ್ಲ. ಈಜಿಪ್ಟಿನ ಕಲೆಯ ವಿದ್ವಾಂಸೆ ಗೇ ರಾಬಿನ್ಸ್ 1994ರ ತಮ್ಮ ಗ್ರಂಥದಲ್ಲಿ ಮಾಡಿದ ಕೆಲಸ ಇದಕ್ಕೆ ಸಾಕ್ಷಿ. ಈಜಿಪ್ಟಿನ ಕಲಾವಿದರು ಗೋಡೆಯ ಮೇಲೆ ಚೌಕಜಾಲ ಎಳೆದು, ನಿಂತ ಆಕೃತಿಯನ್ನು ಅಂಗಾಲಿನಿಂದ ಕೂದಲಂಚಿನವರೆಗೆ 18 ಚೌಕಗಳಲ್ಲಿ ಕೂರಿಸುತ್ತಿದ್ದರು. ಅಖೆನಾತೆನ್‌ನ ಕಾಲದಲ್ಲಿ ಅದು 20 ಆಯಿತು. ಹೆಚ್ಚಾದ ಚೌಕಗಳು ಮೈಯ ಮೇಲ್ಭಾಗಕ್ಕೆ ಸೇರಿ, ಕಾಲುಗಳು ಗಿಡ್ಡವಾಗಿ ಕಂಡವು. ಆ ರಾಜನ ವಿಚಿತ್ರ ಮೈಕಟ್ಟಿಗೆ ಕಾಯಿಲೆಯ ಹೆಸರು ಹುಡುಕಿದವರು ಅನೇಕರು. ಆದರೆ ರಾಣಿ, ಹೆಣ್ಣುಮಕ್ಕಳು, ಆಸ್ಥಾನಿಕರು ಸಹ ಅದೇ ಬಗೆಯ ಮೈಯಲ್ಲಿ ಮೂಡಿರುವಾಗ ಅದು ಒಬ್ಬನ ರೋಗಲಕ್ಷಣವಾಗಲು ಹೇಗೆ ಸಾಧ್ಯ? ಅದು ಯೋಚಿಸಿ ಬದಲಿಸಿದ ನಿಯಮ. ಹಳೆಯ ನಿಯಮವನ್ನು ಅಷ್ಟು ಚಿತ್ರಗಳಲ್ಲಿ ಅಳೆದು ತಿಳಿದಿದ್ದರಿಂದಲೇ ಹೊಸತು ಎಲ್ಲಿ ಮುರಿಯಿತೆಂದು ಹೇಳಲು ಬಂತು. ಸಂಕೇತವಿರುವುದು ಈ ಮುರಿತದಲ್ಲಿ.

ಕಿರೀಟಗಳ ವಿಷಯ ಇನ್ನೂ ಸೂಕ್ಷ್ಮ. ಬಿಳಿ ಕಿರೀಟ ದಕ್ಷಿಣದ ಮೇಲಣ ಈಜಿಪ್ಟಿನದು, ಕೆಂಪು ಕಿರೀಟ ಉತ್ತರದ ಕೆಳಗಣ ಈಜಿಪ್ಟಿನದು. ಮೆದಾಮುದ್‌ನಲ್ಲಿ ಸಿಕ್ಕ ಮೂರನೆಯ ಸೆನುಸ್ರೆತ್‌ನ ಬಾಗಿಲ ತೊಲೆಗಲ್ಲಿನಲ್ಲಿ ರಾಜ ಎರಡು ಸಲ ಕುಳಿತಿದ್ದಾನೆ: ಒಂದು ಅರ್ಧದಲ್ಲಿ ಬಿಳಿ ಕಿರೀಟ, ಇನ್ನೊಂದರಲ್ಲಿ ಕೆಂಪು. ಇಂಥ ಜೋಡಿಗಳನ್ನೆಲ್ಲ ಒಟ್ಟಿಗೆ ಸುರಿದು ಎಣಿಸಿದರೆ ಸರಿಸಮ ಬರುತ್ತದೆ. ಸಂಖ್ಯೆ ಏನನ್ನೂ ಹೇಳುವುದಿಲ್ಲ. ಗೋಡೆ ಯಾವ ದಿಕ್ಕಿನದು ಎಂಬ ಕಾಲಂ ಒಂದನ್ನು ಪಟ್ಟಿಗೆ ಸೇರಿಸಿ ನೋಡಿ, ಕಟ್ಟಡವೇ ಆ ದೇಶದ ಭೂಪಟವಾಗುತ್ತದೆ. ಮುಖ ತಿರುಗಿರುವ ದಿಕ್ಕೂ ಹಾಗೆಯೇ. ಬಲಕ್ಕೆ ನೋಡುವುದು ಈಜಿಪ್ಟಿನ ಬರಹ ಮತ್ತು ಚಿತ್ರ ಎರಡರ ಸಹಜ ರೂಢಿ ಎಂದು ಈಜಿಪ್ಟ್ ವಿದ್ವಾಂಸ ಹೆನ್ರಿ ಫಿಶರ್ ತೋರಿಸಿದ್ದಾರೆ. ಆದ್ದರಿಂದ ಬಲಕ್ಕೆ ನೋಡುವ ರಾಜನಲ್ಲಿ ವಿಶೇಷ ಅರ್ಥ ಹುಡುಕುವ ಮೊದಲು ಎಡಕ್ಕೆ ನೋಡುವವನು ಎಲ್ಲಿ, ಏಕೆ ಎಂದು ಕೇಳಬೇಕು.

ಇನ್ನುಳಿದದ್ದು ನಾಶದ ಲೆಕ್ಕ. ನೈಲ್ ಮುಖಜಭೂಮಿಯ ತೇವದಲ್ಲಿ, ಕಲ್ಲುಗಳ್ಳರ ಕೈಯಲ್ಲಿ ಉತ್ತರದ ನಗರಗಳು ಅಳಿದವು. ಒಣಹವೆಯ ದಕ್ಷಿಣ ಉಳಿಯಿತು. ನಮ್ಮ ಪಟ್ಟಿಗಳಲ್ಲಿ ದಕ್ಷಿಣದ ಥೀಬ್ಸ್ ನಗರ ಇಷ್ಟು ತುಂಬಿರುವುದಕ್ಕೆ ಹವಾಮಾನವೂ ಒಂದು ಕಾರಣ. ಅದರ ಮೇಲೆ, ಎರಡನೆಯ ರಾಮ್ಸೆಸ್ ಮೂರನೆಯ ಅಮೆನ್‌ಹೋತೆಪ್‌ನ ಎಷ್ಟೋ ಪ್ರತಿಮೆಗಳನ್ನು ತಿದ್ದಿಸಿ ತನ್ನ ಹೆಸರು ಕೆತ್ತಿಸಿಕೊಂಡ. ಹೆಸರು ನೋಡಿ ಎಣಿಸಿದರೆ ಆ ಪ್ರತಿಮೆ ಒಬ್ಬನದು, ಮೂಲ ಕೆತ್ತನೆ ನೋಡಿದರೆ ಇನ್ನೊಬ್ಬನದು. ಇದನ್ನು ಬಿಡಿಸಿ ಹೇಳದ ಕೋಷ್ಟಕ ಎಷ್ಟು ಅಚ್ಚುಕಟ್ಟಾಗಿದ್ದರೂ ನಂಬಲರ್ಹವಲ್ಲ.

ಹದ್ದು, ನಾಗ, ಬಿಲ್ಲು, ಗದೆಗಳ ಅರ್ಥವನ್ನು ಯಾವ ಸೂತ್ರವೂ ಹೇಳಲಾರದು. ಅದು ಶಾಸನಗಳಿಂದ, ಪೂಜಾವಿಧಿಗಳಿಂದ ಸಿಗಬೇಕು. ಎಣಿಕೆ ಹೇಳುವುದು ಸಾಮಾನ್ಯ ಯಾವುದು, ಅಪರೂಪ ಯಾವುದು ಎಂಬುದನ್ನು. ಮೂರು ಸಾವಿರ ವರ್ಷ ಒಂದೇ ರೂಪಗಳನ್ನು ಮತ್ತೆಮತ್ತೆ ಬರೆದ ಕಲೆಗೆ ಇದಕ್ಕಿಂತ ಒಪ್ಪುವ ಸಾಧನ ಇನ್ನೊಂದಿಲ್ಲ. ಅಲ್ಲಿ ಪುನರುಕ್ತಿಯೇ ಭಾಷೆ, ಚಿಕ್ಕ ವ್ಯತ್ಯಾಸವೇ ಮಾತು. ಆದ್ದರಿಂದ ಈ ಪರಂಪರೆಯವರಲ್ಲಿ ನನ್ನ ಬೇಡಿಕೆ ಸ್ಪಷ್ಟ: ಪ್ರತಿ ಸಂಖ್ಯೆಯ ಜೊತೆ ಚಿತ್ರವಿದ್ದ ಗೋಡೆ, ಅದರ ಮೂಲ ಒಡೆಯ, ಅದು ನಕಲಾಗಿದ್ದರೆ ಅದರ ಮೂಲ, ಕಳೆದುಹೋದ ಪಾಲಿನ ಅಂದಾಜು, ಈ ನಾಲ್ಕನ್ನೂ ಓದುಗರ ಮುಂದಿಡಬೇಕು. ಸಂಕೇತಗಳನ್ನು ಅರ್ಥೈಸುವವರಲ್ಲೂ ಒಂದು ಬೇಡಿಕೆಯಿದೆ: ಒಂದು ಚಿತ್ರ ತೋರಿಸಿ ಒಂದು ನಾಗರಿಕತೆಯ ಮನಸ್ಸನ್ನು ಬಿಡಿಸುವ ಮೊದಲು ಅಂಥವು ಇನ್ನೆಷ್ಟಿವೆ ಎಂದು ನೋಡಿಕೊಳ್ಳಲಿ. ಇಬ್ಬರೂ ಇಷ್ಟು ಮಾಡಿದ ಮೇಲೆ ಉಳಿಯುವ ಅರ್ಥಗಳು ಕಡಿಮೆಯಾಗಬಹುದು. ಉಳಿದವನ್ನು ಮಾತ್ರ ಧೈರ್ಯವಾಗಿ ನಂಬಬಹುದು.