ಸತ್ತವರ ಮನೆ, ಇದ್ದವರ ಮನೆ

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಐಹೊಳೆಗೆ ಹೋಗುವ ಪ್ರವಾಸಿಗರನ್ನು ನಾವು ನೋಡುತ್ತಲೇ ಇರುತ್ತೇವೆ. ದುರ್ಗದ ಗುಡಿ, ಲಾಡಖಾನ್ ಗುಡಿ, ಕಾಲಲ್ಲಿ ಕಸುವಿದ್ದರೆ ಮೇಗುತಿ. ಅಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ ನೋಡಿ ಇಳಿದುಬಿಡುತ್ತಾರೆ. ಅದೇ ಗುಡ್ಡದ ಹಿಂಬದಿಯಲ್ಲಿ ಕಬ್ಬಿಣ ಯುಗದ ಪರಂಪರೆಯ ಕಲ್ಗೋರಿಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಹೊದಿಸಿದ, ಬಗ್ಗಿ ನೋಡಬೇಕಾದ ಸಣ್ಣ ಕೋಣೆಗಳು. ಜನರ ಬಾಯಲ್ಲಿ ಅವು 'ಮೋರೇರ ಅಂಗಡಿ'. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದಲ್ಲಿ ಇಂಥವೇ 'ಮೋರೇರ ಮನೆ'. ಗೋರಿ ಎನ್ನದೆ ಮನೆ, ಅಂಗಡಿ ಎಂದ ಈ ಜನರ ಕಣ್ಣು ಎಷ್ಟು ಸೂಕ್ಷ್ಮ!

ನಮ್ಮ ತಕರಾರು ಐಹೊಳೆಯ ಕುರಿತು ಬರೆಯುವವರ ಜೊತೆ. ಲಾಡಖಾನ್ ಗುಡಿಯ ಮಾಡಿನಲ್ಲಿ ಚಪ್ಪಡಿಗಳ ಸಂದಿ ಮುಚ್ಚಿದ ಉದ್ದನೆಯ ಕಲ್ಲುಪಟ್ಟಿಗಳನ್ನು ತೋರಿಸಿ, ಇದು ಮರದ ಮನೆಯ ಅನುಕರಣೆ ಎನ್ನುತ್ತಾರೆ. ಒಪ್ಪೋಣ. ಆದರೆ ಈ ಮರಳುಗಲ್ಲನ್ನು ಚಪ್ಪಡಿಯಾಗಿ ಎಬ್ಬಿಸಿ, ನಿಲ್ಲಿಸಿ, ಅದರ ಮೇಲೆ ಇನ್ನೊಂದನ್ನು ಹೇರುವ ಕಸುಬು ಸತ್ತವರಿಗೆ ಮನೆ ಕಟ್ಟಿದವರಿಗೂ ಗೊತ್ತಿತ್ತಲ್ಲ? ಗೋರಿಯೇ ಬೆಳೆದು ಗುಡಿಯಾಯಿತು ಎಂದು ನಾವು ವಾದಿಸುತ್ತಿಲ್ಲ. ಮರ ನೆನಪಾದವರಿಗೆ ಕೂಗಳತೆಯ ಕಲ್ಲು ನೆನಪಾಗಲಿಲ್ಲವೇಕೆ ಎಂಬುದಷ್ಟೇ ಪ್ರಶ್ನೆ. ಶ್ರೀಕುಮಾರ್ ಮೆನನ್ ಅವರಂಥ ಸಂಶೋಧಕರು ಮಲಪ್ರಭೆ ಕಣಿವೆಯ ಕಲ್ಗೋರಿ, ಗುಡಿಗಳನ್ನು ಒಟ್ಟಿಗಿಟ್ಟು ನೋಡಿದ್ದಾರೆ. ನಾವು ಕಂಡ ಕೈಪಿಡಿಗಳಿಗೆ ಆ ನೋಟ ಇನ್ನೂ ಇಳಿದಿಲ್ಲ.

ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ತೊರಾಜರಲ್ಲಿ ಮನೆ, ಮರಣಗಳನ್ನು ಹೀಗೆ ಬಿಡಿಸಲಾಗದು. ಅಂತ್ಯಕ್ರಿಯೆಯವರೆಗೆ, ತಿಂಗಳು ವರ್ಷಗಳೇ ಕಳೆಯಲಿ, ಸತ್ತವರನ್ನು ಕಾಯಿಲೆಯವರೆಂದೇ ಎಣಿಸಿ ಮನೆಯಲ್ಲಿಟ್ಟುಕೊಳ್ಳುವುದು ಅವರ ಸಂಪ್ರದಾಯ. ಆ ದಿನ ಬಲಿಯಾದ ಕೋಣಗಳ ಕೊಂಬುಗಳು ದೋಣಿಯಾಕಾರದ ಮಾಡಿನ 'ತೊಂಗ್‌ಕೊನಾನ್' ಮನೆಯ ಮುಂಗಂಬಕ್ಕೆ ಏರುತ್ತವೆ. ಮನೆತನದ ಘನತೆಯನ್ನು ಕಂಬದಲ್ಲೇ ಎಣಿಸಬಹುದು.

ದೂರದ ಮಾತೇಕೆ, ವಿಜಯಪುರದ ವಾಸ್ತುವನ್ನು ಇಬ್ರಾಹಿಂ ರೋಜಾ, ಗೋಲಗುಮ್ಮಟ ಬಿಟ್ಟು ಬರೆಯಬಲ್ಲವರು ಯಾರು? ಎರಡೂ ಗೋರಿಗಳೇ. (ಕಬರಿಗೆ ಹಿಡಿ ಮಣ್ಣು ಸಾಕೆಂದು ಕೇಳಿ ಬೆಳೆದ ನಮಗೆ, 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಆ ಗುಮ್ಮಟ ಹೆಮ್ಮೆಯಷ್ಟೇ ಮುಜುಗರವನ್ನೂ ತರುತ್ತದೆ, ಇರಲಿ.) ಐಹೊಳೆಗೆ ಬಂದ ಕೂಡಲೇ ಅದೇ ಲೇಖನಿ ಗೋರಿಗಳನ್ನು ದಾಟಿ ಗುಡಿಗೆ ಜಿಗಿಯುತ್ತದೆ. ಇದೇ ಊರಿನ ಗುಡಿಗಳಲ್ಲಿ ಒಂದು ಕಾಲಕ್ಕೆ ಜನ ಸಂಸಾರ ಹೂಡಿದ್ದರು. ಅಲ್ಲಿ ವಾಸವಿದ್ದ ಲಾಡಖಾನನ ಹೆಸರು ಗುಡಿಗೆ ಅಂಟಿದ್ದು ಹಾಗೆಯೇ. ಮನೆ, ಗುಡಿ, ಗೋರಿಗಳ ನಡುವಿನ ಗೋಡೆ ಇಲ್ಲಿ ಅಷ್ಟು ತೆಳುವಾಗಿತ್ತು.

ಹಿಂದೊಮ್ಮೆ ಮೇಗುತಿಯ ಹಿಂದಕ್ಕೆ ದಾರಿ ಕೇಳಿದಾಗ ಜೊತೆಗಿದ್ದ ಮಾರ್ಗದರ್ಶಿ ನಕ್ಕಿದ್ದ: "ಅಲ್ಲೇನೈತ್ರಿ ಸಾಹೇಬ್ರ, ಬರೇ ಕಲ್ಲು."