ಭೋಗದ ಎರಡು ಕಾದಂಬರಿಗಳು

ಶೃಂಗಾರವನ್ನು ವರ್ಣಿಸುವ ಕೃತಿಯನ್ನು ವಿದ್ಯಾರ್ಥಿಗಳ ಕೈಗೆ ಕೊಡಬಹುದೇ ಎಂಬ ಪ್ರಶ್ನೆಯು ಉಪಾಧ್ಯಾಯರ ನಡುವೆ ಆಗಾಗ ಏಳುತ್ತದೆ. ಕೊಡಲೇಬಾರದೆನ್ನುವವರು ಪಂಪನನ್ನೂ ಬಿಡಬೇಕಾದೀತು. ಕ್ರಿ.ಶ. 941ರಲ್ಲಿ ರಚಿತವಾದ ‘ಆದಿಪುರಾಣ’ದಲ್ಲಿ ನೀಲಾಂಜನೆಯ ನೃತ್ಯವನ್ನು ಮನದಣಿಯೆ ಕಂಡಲ್ಲದೆ ಅವಳು ಮಿಂಚಿನಂತೆ ಮಾಯವಾದುದರ ಅರ್ಥವು ಹೊಳೆಯಲಾರದು. ಭೋಗದ ವರ್ಣನೆಯೇ ದೋಷವಲ್ಲವೆಂದಮೇಲೆ ದೋಷವಿರುವುದೆಲ್ಲಿ? ಇದನ್ನು ವಿಚಾರಿಸುವುದಕ್ಕೆ ದೂರದ ಇಟಲಿಯದೊಂದು, ನಮ್ಮದೇ ಒಂದು, ಹೀಗೆ ಎರಡು ಕಾದಂಬರಿಗಳನ್ನು ಜೊತೆಯಲ್ಲಿಟ್ಟು ನೋಡಬಯಸುತ್ತೇವೆ.

ಗೇಬ್ರಿಯೆಲೆ ದಾನ್ನುಂಜಿಯೊ 1863ರಲ್ಲಿ ಆಡ್ರಿಯಾಟಿಕ್ ಸಮುದ್ರತೀರದ ಪೆಸ್ಕಾರಾ ಎಂಬ ಊರಿನಲ್ಲಿ ಜನಿಸಿದನು. ಹರೆಯದಲ್ಲಿಯೇ ಕವಿಯೆಂದು ಹೆಸರಾಗಿ, ರೋಮಿಗೆ ಬಂದು, ಅಲ್ಲಿನ ಶ್ರೀಮಂತರ ಔತಣ, ನರ್ತನ, ಕುದುರೆಯೋಟಗಳ ವಾರ್ತೆಗಳನ್ನು ಪತ್ರಿಕೆಗಳಿಗೆ ಬರೆದನು. ಆ ಅನುಭವದಿಂದ ಹುಟ್ಟಿದ್ದು 1889ರಲ್ಲಿ ಪ್ರಕಟವಾದ ‘ಇಲ್ ಪಿಯಾಚೆರೆ’. ಹೆಸರಿನ ಅರ್ಥ ‘ಸುಖ’ ಎಂದು. 1898ರಲ್ಲಿ ಇದು ಇಂಗ್ಲಿಷಿಗೆ ಬಂದಾಗ ಮರ್ಯಾದೆಗೆ ಹೊರತೆಂದು ತೋರಿದ ಹಲವು ಭಾಗಗಳನ್ನು ಕತ್ತರಿಸಲಾಗಿತ್ತು. 2013ರಲ್ಲಿ ಲಾರಾ ಗೋಚಿನ್ ರಫಾಯೆಲ್ಲಿ ಅವರ ಹೊಸ ಅನುವಾದವು ಹೊರಬಂದಿತು. ಯಾವುದನ್ನು ಕತ್ತರಿಸಬೇಕೆಂದು ಹಳೆಯ ಕಾಲವು ಬಗೆದಿತ್ತೋ ಅದೇ ಕೃತಿಯ ನಿಜವಾದ ದೋಷವೆಂದು ನಮಗೆ ತೋರುವುದಿಲ್ಲ.

ಕಥೆಯು ಸರಳವಾಗಿದೆ. ಆಂದ್ರೆಯಾ ಸ್ಪೆರೆಲ್ಲಿ ಎಂಬ ತರುಣ ಪ್ರಭುವು ತನ್ನ ಬಾಳನ್ನು ಒಂದು ಕಲಾಕೃತಿಯಂತೆ ಕಡೆಯಬೇಕೆಂಬ ಉಪದೇಶವನ್ನು ತಂದೆಯಿಂದ ಪಡೆದವನು. ಎಲೆನಾ ಮೂತಿ ಎಂಬವಳನ್ನು ಅವನು ಪ್ರೀತಿಸುತ್ತಾನೆ; ಅವಳು ಅವನನ್ನು ತೊರೆದು ಧನಿಕನಾದ ಇಂಗ್ಲಿಷ್ ಪ್ರಭುವೊಬ್ಬನನ್ನು ವರಿಸುತ್ತಾಳೆ. ದ್ವಂದ್ವಯುದ್ಧದಲ್ಲಿ ಗಾಯಗೊಂಡ ಆಂದ್ರೆಯಾ ಸಮುದ್ರತೀರದ ಮನೆಯೊಂದರಲ್ಲಿ ಚೇತರಿಸಿಕೊಳ್ಳುತ್ತಿರುವಾಗ ಮಾರಿಯಾ ಫೆರೆಸ್ ಎಂಬ ಸಾಧ್ವಿಯ ಪರಿಚಯವಾಗುತ್ತದೆ. ಅವಳಲ್ಲಿ ಅವನು ಕಾಣುವುದು ಮಾತ್ರ ಎಲೆನಾಳನ್ನೇ. ಕಟ್ಟಕಡೆಗೆ ಮಾರಿಯಾಳ ಆಲಿಂಗನದಲ್ಲಿರುವಾಗಲೇ ಅವನ ಬಾಯಿಂದ ಎಲೆನಾಳ ಹೆಸರು ಹೊರಬೀಳುತ್ತದೆ.

ನಮ್ಮ ಆಲಂಕಾರಿಕರು ಇದನ್ನು ‘ಗೋತ್ರಸ್ಖಲನ’ವೆಂದು ಕರೆದಿರುವರು. ಸಂಸ್ಕೃತ ಕಾವ್ಯಗಳಲ್ಲಿ ನಾಯಕನ ನಾಲಗೆ ಹೀಗೆ ಜಾರಿದರೆ ನಾಯಿಕೆಗೆ ಪ್ರಣಯಕೋಪವುಂಟಾಗುತ್ತದೆ. ಅನುನಯವು ನಡೆದು ಮತ್ತೆ ಸಮಾಗಮವಾಗುತ್ತದೆ. ದಾನ್ನುಂಜಿಯೊ ಆ ದಾರಿಯನ್ನು ಮುಚ್ಚಿಬಿಟ್ಟಿದ್ದಾನೆ. ಇಲ್ಲಿ ಜಾರಿದ್ದು ನಾಲಗೆಯಲ್ಲ, ಬಹುಕಾಲ ಮುಚ್ಚಿಟ್ಟ ಸತ್ಯವು. ಒಬ್ಬಳ ದೇಹದಲ್ಲಿ ಮತ್ತೊಬ್ಬಳನ್ನು ಅನುಭವಿಸುವವನಿಗೆ ಇಬ್ಬರೂ ಇಲ್ಲ. ಶೃಂಗಾರದ ಸಮಸ್ತ ಸಾಮಗ್ರಿಯಿದ್ದೂ ಪರಸ್ಪರಾನುರಾಗವಿಲ್ಲದಿರುವುದರಿಂದ ಇದು ರಸವಾಗದೆ ರಸಾಭಾಸವಾಗುತ್ತದೆ. ಲೇಖಕನು ಇದನ್ನು ಬಲ್ಲನು. ಕೃತಿಯ ಹಿರಿಮೆಯಿರುವುದು ಇಲ್ಲಿಯೇ.

ಕೃತಿಯ ಆರಂಭಭಾಗದಲ್ಲಿ ಹಳೆಯ ಅಮೂಲ್ಯ ವಸ್ತುಗಳ ಹರಾಜೊಂದು ಬರುತ್ತದೆ. ದಂತದಲ್ಲಿ ತಲೆಬುರುಡೆಯ ಆಕಾರವಾಗಿ ಕೆತ್ತಿದ ಪುಟ್ಟ ಗಡಿಯಾರವೊಂದು ಅಲ್ಲಿ ಎಲೆನಾಳ ಕಣ್ಣನ್ನು ಸೆಳೆಯುತ್ತದೆ. ಮುಗಿಯುವುದೂ ಹರಾಜಿನಲ್ಲಿಯೇ: ಮಾರಿಯಾಳ ಗಂಡನು ಇಸ್ಪೀಟಿನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದುದರಿಂದ ಆ ಮನೆಯ ಸಾಮಾನುಗಳು ಮಾರಾಟಕ್ಕೆ ಬಂದಿವೆ. ಆಂದ್ರೆಯಾ ಕೊಂಡ ಬೀರುವನ್ನು ಹಮಾಲರು ಹೊತ್ತು ಮೆಟ್ಟಿಲೇರುತ್ತಿರುವರು. ದಾರಿ ಸಾಲದೆ ಅವನು ಅದರ ಹಿಂದೆ ಮೆಲ್ಲಮೆಲ್ಲನೆ ಹತ್ತುತ್ತಿರುವನು. ವಸ್ತುಗಳನ್ನು ಆಳಬೇಕೆಂದಿದ್ದವನು ವಸ್ತುವಿನ ಹಿಂದೆ ನಡೆಯುವ ಆಳಾದನು. ನೀತಿಬೋಧೆಯ ಹತ್ತು ಪುಟಗಳು ಮಾಡಲಾರದ ಕೆಲಸವನ್ನು ಈ ಒಂದು ಚಿತ್ರವು ಮಾಡುತ್ತದೆ.

ಹಾಗಾದರೆ ಕೃತಿಯು ನಿರ್ದೋಷವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. 1887ರಲ್ಲಿ ಆಫ್ರಿಕಾದ ದೊಗಾಲಿಯಲ್ಲಿ 400ಕ್ಕೂ ಹೆಚ್ಚು ಮಂದಿ ಇಟಲಿಯ ಸೈನಿಕರು ಮಡಿದರು. ಆ ಸುದ್ದಿಗೆ ರೋಮಿನ ಬೀದಿಗಳಲ್ಲಿ ಜನ ಕುದಿಯುತ್ತಿರುವಾಗ, ಆ ಗದ್ದಲದಿಂದ ತನ್ನ ವಿಹಾರಕ್ಕೆ ಅಡ್ಡಿಯಾಯಿತೆಂದು ಬೇಸರಗೊಂಡ ಆಂದ್ರೆಯಾ, ಸತ್ತವರು ಮೃಗಗಳೆಂಬರ್ಥದ ಮಾತನ್ನಾಡುತ್ತಾನೆ. ಮಾರಿಯಾ ಅದನ್ನು ಕೇಳಿ ನೋಯುತ್ತಾಳೆ. ಆದರೆ ಲೇಖಕನ ಗದ್ಯವು ಅವಳೊಡನೆ ನೋಯುವುದಕ್ಕಿಂತ ಹೆಚ್ಚು ಕಾಲ ಪರದೆಗಳ ಬಣ್ಣವನ್ನೂ ಹೂವುಗಳ ಕಂಪನ್ನೂ ವರ್ಣಿಸುತ್ತಾ ನಿಲ್ಲುತ್ತದೆ. ನಾಯಕನನ್ನು ಖಂಡಿಸುವ ಲೇಖಕನು ಅವನ ಕಣ್ಣುಗಳನ್ನು ಮಾತ್ರ ತನ್ನವನ್ನಾಗಿ ಮಾಡಿಕೊಂಡಿರುವನು. ಮಾರಿಯಾಳ ದಿನಚರಿಯ ಪುಟಗಳಲ್ಲಿ ಮಾತ್ರ ನಮಗೆ ಮತ್ತೊಂದು ಜೀವದ ಉಸಿರು ಕೇಳಿಸುತ್ತದೆ.

ಬಾಳನ್ನು ಕಲೆಯಾಗಿಸುವ ಈ ಹಂಬಲವು ಮುಂದೆ ಎಲ್ಲಿಗೆ ಮುಟ್ಟಿತೆಂಬುದೂ ವಿಚಾರಾರ್ಹವಾಗಿದೆ. ದಾನ್ನುಂಜಿಯೊ ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡನು. 1918ರಲ್ಲಿ ವಿಯೆನ್ನಾದ ಮೇಲೆ ವಿಮಾನಗಳಲ್ಲಿ ಹಾರಿ ಕರಪತ್ರಗಳನ್ನು ಬೀರಿಸಿದನು. 1919ರ ಸೆಪ್ಟೆಂಬರಿನಲ್ಲಿ ಫ್ಯೂಮೆ ನಗರವನ್ನು ಅನುಯಾಯಿಗಳೊಡನೆ ಆಕ್ರಮಿಸಿ 1920ರ ಕೊನೆಯವರೆಗೆ ಹಿಡಿದಿಟ್ಟನು. ಅಲ್ಲಿ ಅವನು ಉಪ್ಪರಿಗೆಯಿಂದ ಜನಸ್ತೋಮವನ್ನು ಕುಣಿಸಿದ ರೀತಿಯನ್ನೇ ಮುಸೊಲಿನಿಯ ಪಕ್ಷವು ಅನುಕರಿಸಿತು. ದಾನ್ನುಂಜಿಯೊ 1938ರಲ್ಲಿ ತೀರಿಕೊಂಡನು. ಹೆಣ್ಣನ್ನು ಸುಂದರ ವಸ್ತುವನ್ನಾಗಿ ಕಂಡ ದೃಷ್ಟಿಯೇ ಜನಸ್ತೋಮವನ್ನೂ ಒಂದು ವಾದ್ಯವನ್ನಾಗಿ ಕಂಡಿತೆಂದರೆ ತಪ್ಪಾಗಲಾರದು.

ಈಗ ನಮ್ಮ ಕೃತಿಗೆ ಬರೋಣ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವು 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಇದನ್ನು ಚಲನಚಿತ್ರವನ್ನಾಗಿಸಿದಾಗ ಸೆನ್ಸಾರ್ ಮಂಡಳಿಯು ಮೊದಲು ತಡೆಯೊಡ್ಡಿತು; ಬಳಿಕ ಅದೇ ಚಿತ್ರಕ್ಕೆ ರಾಷ್ಟ್ರಪತಿಯ ಸ್ವರ್ಣಕಮಲವು ದೊರೆಯಿತು. ಕಥೆಯು ಮಾಧ್ವರ ಅಗ್ರಹಾರದ್ದು. ಮಂತ್ರಾಲಯದ ಬೃಂದಾವನವೂ ವಿಜಯದಾಸರು ದೇಹವಿಟ್ಟ ಚಿಪ್ಪಗಿರಿಯೂ ಹತ್ತಿರವಿರುವ ನಮ್ಮ ಕೋಸಗಿ–ಆದವಾನಿಯ ಸೀಮೆಯ ಓದುಗರಿಗೆ ಅಲ್ಲಿನ ಮಡಿ, ಪಂಚಾಂಗ, ಮಠದ ಅಪ್ಪಣೆಗಳು ಅಪರಿಚಿತವಲ್ಲ. ಆದುದರಿಂದಲೇ ಈ ಕೃತಿಯ ಪೆಟ್ಟು ನಮಗೆ ನೇರವಾಗಿ ತಾಗುತ್ತದೆ.

ಇಲ್ಲಿಯೂ ಒಬ್ಬ ಭೋಗಿಯಿದ್ದಾನೆ: ನಾರಣಪ್ಪ. ಆದರೆ ಆಂದ್ರೆಯಾನ ಭೋಗವು ಅವನ ವರ್ಗದ ಕಿರೀಟವಾದರೆ ನಾರಣಪ್ಪನ ಭೋಗವು ತನ್ನ ಅಗ್ರಹಾರಕ್ಕೆ ಒಡ್ಡಿದ ಸವಾಲು. ಅವನು ಸತ್ತಾಗ ಶವಸಂಸ್ಕಾರ ಮಾಡುವವರಾರೆಂಬ ಪ್ರಶ್ನೆ ಏಳುತ್ತದೆ. ಖರ್ಚಿಗೆಂದು ಚಂದ್ರಿಯು ತನ್ನ ಒಡವೆಗಳನ್ನು ಬಿಚ್ಚಿ ಮುಂದಿಟ್ಟೊಡನೆ ಹಿಂದೆ ಸರಿದಿದ್ದವರೇ ಮುಂದೆ ಬರುತ್ತಾರೆ. ಇದೂ ಒಂದು ಹರಾಜೇ. ರೋಮಿನ ಪ್ರಭುಗಳು ಬಹಿರಂಗವಾಗಿ ಕೂಗಿದುದನ್ನು ದೂರ್ವಾಸಪುರದವರು ಮನಸ್ಸಿನಲ್ಲಿಯೇ ಕೂಗಿದರು.

ಅನಂತಮೂರ್ತಿಯವರ ವಿಚಾರಣೆಯು ಭೋಗಿಯಲ್ಲಿ ನಿಲ್ಲದೆ ತ್ಯಾಗಿಯನ್ನೂ ಕಟಕಟೆಗೆ ತರುತ್ತದೆ. ಪ್ರಾಣೇಶಾಚಾರ್ಯರು ರೋಗಿಷ್ಠೆಯಾದ ಭಾಗೀರಥಿಯನ್ನು ಮದುವೆಯಾಗಿ, ಆ ಸೇವೆಯೇ ತಮ್ಮ ನಿಷ್ಕಾಮಕರ್ಮವೆಂದು ತಿಳಿದವರು. ಅವಳು ಅವರ ಮೋಕ್ಷಕ್ಕೆ ಸೋಪಾನ. ಆಂದ್ರೆಯಾ ಹೆಣ್ಣನ್ನು ಸುಖಕ್ಕೆ ಸಾಧನವಾಗಿಸಿದರೆ ಆಚಾರ್ಯರು ಪುಣ್ಯಕ್ಕೆ ಸಾಧನವಾಗಿಸಿದರು. ಕಾಡಿನಲ್ಲಿ ಚಂದ್ರಿಯ ಸಂಗವಾದ ಮೇಲೆಯೇ ಆಚಾರ್ಯರು ತಮ್ಮನ್ನು ತಾವು ಕಾಣತೊಡಗುತ್ತಾರೆ. ಈ ನಿಷ್ಠುರವಾದ ಸಮೀಕರಣವನ್ನು ಇಟಲಿಯ ಕಾದಂಬರಿಯು ಮಾಡಲಾರದು. ಅಲ್ಲಿ ತ್ಯಾಗಕ್ಕೆ ಪಾತ್ರವೇ ಇಲ್ಲ.

ಆದರೂ ಒಂದು ಮಾತನ್ನು ಹೇಳಲೇಬೇಕು. ಚಂದ್ರಿಯು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಶವವನ್ನು ದಹಿಸಿ, ಊರು ಬಿಟ್ಟು, ಕಥೆಯಿಂದಲೂ ಹೊರಟುಹೋಗುತ್ತಾಳೆ. ಇಡೀ ಅಗ್ರಹಾರವು ಮಾಡಲಾರದ ಧರ್ಮವನ್ನು ಮಾಡಿದವಳ ಅಂತರಂಗಕ್ಕೆ ದೊರೆತ ಪುಟಗಳು ಬಹಳ ಕಡಿಮೆ. ಆಚಾರ್ಯರನ್ನು ಎಚ್ಚರಿಸಿದ ಮೇಲೆ ಅವಳ ಕೆಲಸ ಮುಗಿಯಿತೆಂಬಂತಾಗಿದೆ. ಭಾಗೀರಥಿಯನ್ನು ಆಚಾರ್ಯರು ಬಳಸಿದಂತೆ ಚಂದ್ರಿಯನ್ನು ಕಥೆಯೇ ಬಳಸಿತಲ್ಲವೇ? ಇಷ್ಟರಮಟ್ಟಿಗೆ, ದಿನಚರಿಯ ಮೂಲಕ ಮಾರಿಯಾಳಿಗೆ ಬಾಯಿ ಕೊಟ್ಟ ದಾನ್ನುಂಜಿಯೊವೇ ಹೆಚ್ಚು ಉದಾರಿ.

ಎರಡು ಕೃತಿಗಳೂ ತೀರ್ಪಿಲ್ಲದೆ ಮುಗಿಯುತ್ತವೆ. ಆದರೆ ಬೀರುವಿನ ಹಿಂದೆ ಮೆಟ್ಟಿಲೇರುವವನಿಗೆ ನಾಳೆಯೆಂಬುದಿಲ್ಲ. ಗಾಡಿಯನ್ನೇರಿ ಅಗ್ರಹಾರದ ಕಡೆಗೆ ಹೊರಟ ಆಚಾರ್ಯರಿಗೆ ಹೇಳಬೇಕಾದ ಮಾತೊಂದು ಉಳಿದಿದೆ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಪ್ರೌಢರಾಗುತ್ತಿರುವ ವಿದ್ಯಾರ್ಥಿಗಳು ಇಂಥ ಕೃತಿಗಳನ್ನು ಓದಬಯಸಿದರೆ ಪುಸ್ತಕವನ್ನು ಕಸಿದುಕೊಳ್ಳದಿರೋಣ. ಇಲ್ಲಿ ಎಷ್ಟು ಶೃಂಗಾರವಿದೆಯೆಂದು ಅಳೆಯುವುದಕ್ಕೆ ಬದಲು, ಎದುರಿಗಿರುವ ಜೀವವನ್ನು ಜೀವವೆಂದು ಕಂಡವರಾರು, ವಸ್ತುವೆಂದು ಕಂಡವರಾರು ಎಂದು ಅವರನ್ನು ಕೇಳೋಣ. ಈ ಪ್ರಶ್ನೆಯನ್ನು ಕೇಳಲು ಕಲಿತವನು ಕಾದಂಬರಿಯಿಂದ ಕೆಡುವುದಿಲ್ಲ. ಉಪ್ಪರಿಗೆಯ ಭಾಷಣಕ್ಕೂ ಸುಲಭವಾಗಿ ಮರುಳಾಗುವುದಿಲ್ಲ.