ಗೊಂಬೆಗೆ ಉಡುಪೋ, ಉಡುಪಿಗೆ ಗೊಂಬೆಯೋ?

ಕಳೆದ ದಸರೆಗೆ ಅಮ್ಮ ಮೈಸೂರಿನಿಂದ ವಿಶಾಖಪಟ್ಟಣಕ್ಕೆ ಬಂದಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಅವಳು ಮನೆಯಲ್ಲಿ ಗೊಂಬೆ ಕೂರಿಸದ ಮೊದಲ ದಸರೆ ಅದು. ಆ ಬೇಸರ ಕಳೆಯಲೆಂದು ಬೀಚ್ ರೋಡಿಗೆ ಕರೆದುಕೊಂಡು ಹೋದೆ. ಅಲ್ಲಿ ರಸ್ತೆಯ ಒಂದು ಬದಿಗೆ, ಮರಳ ಮೇಲೆ, ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿ. ಎದುರು ಬದಿಗೆ ಟಿಯು-142 ವಿಮಾನ. ಎರಡೂ ಈಗ ಸಂಗ್ರಹಾಲಯಗಳು. ಕುರ್ಸುರಾದ ಇಕ್ಕಟ್ಟಿನಲ್ಲಿ ಬಗ್ಗಿ ಬಗ್ಗಿ ನಡೆಯುವಾಗ, ನಾವಿಕರ ಉಡುಪು ತೊಟ್ಟ ಆಳೆತ್ತರದ ಗೊಂಬೆಗಳ ಮುಂದೆ ಅಮ್ಮ ನಿಂತೇಬಿಟ್ಟಳು. ಹಿಂದೆ ಸಾಲು ಬೆಳೆಯುತ್ತಿತ್ತು. 'ನಾವು ಪಟ್ಟದ ಗೊಂಬೆ ಇದೆ ಅಂತ ಅದಕ್ಕೆ ಸೀರೆ ಉಡಿಸ್ತೀವಿ. ಇವರು ಬಟ್ಟೆ ಇದೆ ಅಂತ ಗೊಂಬೆ ನಿಲ್ಲಿಸಿದ್ದಾರಲ್ವೇನೋ?' ಅಂದಳು.

ಆ ಮಾತು ತಲೆಯಲ್ಲಿ ಉಳಿಯಿತು. ನಾವು ಪುಸ್ತಕ, ನಾಟಕ, ಸಿನಿಮಾಗಳನ್ನು ವಿಮರ್ಶಿಸುತ್ತೇವೆ. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಪೈಲಟ್ ಉಡುಪು ತೊಡಿಸಿ ನಿಲ್ಲಿಸಿದ ಗೊಂಬೆಯೂ ಒಂದು ಕತೆ ಹೇಳುತ್ತದೆ. ಆ ಕತೆ ನಿಜವೇ ಎಂದು ಯಾರೂ ಕೇಳಿದಂತಿಲ್ಲ. ಹಾಗೆ ಕೇಳಿ ನೋಡಲೆಂದು ಈ ಬರಹ.

ಮೊದಲು ಉಡುಪನ್ನೇ ನೋಡೋಣ. ಯುದ್ಧವಿಮಾನ ಬಿಗಿಯಾಗಿ ತಿರುಗುವಾಗ ಪೈಲಟ್‌ನ ಮೈಭಾರ ಹಲವು ಪಟ್ಟು ಹೆಚ್ಚುತ್ತದೆ. ರಕ್ತ ಕಾಲಿಗೆ ಇಳಿದು ಕಣ್ಣು ಮಂಜಾಗುತ್ತದೆ, ಇನ್ನೂ ಮುಂದುವರಿದರೆ ಪ್ರಜ್ಞೆಯೇ ತಪ್ಪುತ್ತದೆ. ಅದನ್ನು ತಡೆಯಲು ಜಿ-ಸೂಟ್. ಹೊಟ್ಟೆ, ತೊಡೆ, ಮೀನಖಂಡಗಳ ಮೇಲೆ ಗಾಳಿಚೀಲಗಳಿರುವ ಈ ಉಡುಪು ಬೇಕಾದ ಕ್ಷಣಕ್ಕೆ ಉಬ್ಬಿ ಒತ್ತಿ ಹಿಡಿದು, ರಕ್ತ ಕೆಳಗಿಳಿಯದಂತೆ ನೋಡಿಕೊಳ್ಳುತ್ತದೆ. ಮೇಲಿನ ತೆಳುಗಾಳಿಯಲ್ಲಿ ಉಸಿರಿಗೆ ಆಮ್ಲಜನಕದ ಮಾಸ್ಕ್, ಅದರೊಳಗೇ ಮಾತಾಡಲು ಮೈಕು. ಕಡಲಿಗೆ ಬಿದ್ದರೆ ತೇಲಿಸಲು ಉಬ್ಬುವ ಜಾಕೆಟ್. ಆಸನ ಸಮೇತ ಹೊರಕ್ಕೆ ಚಿಮ್ಮಬೇಕಾಗಿ ಬಂದರೆ ಕಾಲು ಬಡಿದು ಮುರಿಯದಂತೆ ಹಿಂದಕ್ಕೆಳೆದು ಹಿಡಿಯುವ ಪಟ್ಟಿಗಳು. ಬೆಂಗಳೂರಿನಿಂದ ಬಂದ ಓದುಗರು ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯ ಗೇಟು ದಾಟಿರಬಹುದು. 1957ರಲ್ಲಿ ಶುರುವಾದ ಆ ಸಂಸ್ಥೆ, 1982ರಲ್ಲಿ ಅದೇ ಊರಲ್ಲಿ ಹುಟ್ಟಿದ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ, ಇವೆರಡರ ದುಡಿಮೆಯ ದೊಡ್ಡ ಪಾಲು ಈ ಒಂದೇ ಪ್ರಶ್ನೆಯ ಸುತ್ತ ಇದೆ: ಮನುಷ್ಯನ ಮೈ ಆಕಾಶದಲ್ಲಿ ಎಲ್ಲಿ ಸೋಲುತ್ತದೆ, ಸೋಲುವ ಮೊದಲು ಏನು ಮಾಡಬೇಕು?

ಅಂದರೆ ಈ ಉಡುಪಿನ ಒಂದೊಂದು ಹೊಲಿಗೆಯನ್ನೂ 'ಏನಾದರೂ ಕೆಡಬಹುದು' ಎಂಬ ಲೆಕ್ಕದಿಂದ ಹಾಕಿದ್ದು. ಅದು ಅಂಜಿಕೆಯನ್ನು ಅಳತೆ ಮಾಡಿ ಹೊಲಿದ ಬಟ್ಟೆ.

ಈಗ ಅದನ್ನು ತೊಡುವ ಗೊಂಬೆಗೆ ಬರೋಣ. ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಿ ಬರುವ ನನಗೆ ಬೆಸೆಂಟ್ ರೋಡಿನ ಬಟ್ಟೆ ಅಂಗಡಿಗಳು ಪರಿಚಯ. ಬಾಗಿಲಲ್ಲಿ ನಿಂತ ಗೊಂಬೆಗಳಿಗೆ ಸಣ್ಣ ಸೊಂಟ, ಅಗಲ ಎದೆ, ನಮ್ಮಲ್ಲಿ ಯಾರಿಗೂ ಇರದ ಗುಲಾಬಿ ಬಿಳುಪು. ಸಂಗ್ರಹಕಾರರ ಮನೆಗಳಲ್ಲಿ, ಸಣ್ಣ ಪ್ರದರ್ಶನಗಳಲ್ಲಿ ಹಾರಾಟದ ಉಡುಪು ಏರುವುದು ಸಾಮಾನ್ಯವಾಗಿ ಇಂಥದೇ ಗೊಂಬೆಯ ಮೈಗೆ. ಬೆನ್ನ ಹಿಂದೆ ಬಟ್ಟೆ ಹಿಡಿದು ಪಿನ್ನು ಚುಚ್ಚಿರುತ್ತಾರೆ. ತಲೆ ಚಿಕ್ಕದಾದ್ದರಿಂದ ಹೆಲ್ಮೆಟ್ ಹುಬ್ಬಿನ ಮೇಲೆ ಜಾರಿರುತ್ತದೆ. ಒಂದು ಕೈ ಸೊಂಟದ ಮೇಲೆ, ದೃಷ್ಟಿ ದೂರದ ದಿಗಂತದ ಕಡೆಗೆ.

ಇಲ್ಲಿ ನನ್ನ ಮೊದಲ ತಕರಾರು. ಪೈಲಟ್ ಉಡುಪು ಕುಳಿತ ಮೈಗೆ ಹೊಲಿದದ್ದು. ಜಿ-ಸೂಟಿನಲ್ಲಿ ಮಂಡಿಯ ಜಾಗ ಬಿಟ್ಟಿರುವುದೇ ಕಾಲು ಮಡಚಲಿ ಎಂದು. ಮಾಸ್ಕಿನ ಕೊಳವೆ, ಜಿ-ಸೂಟಿನ ಕೊಳವೆ, ಮೈಕಿನ ತಂತಿ, ಎಲ್ಲ ಹೋಗಿ ಸೇರಬೇಕಾದ್ದು ವಿಮಾನಕ್ಕೆ. ಅವುಗಳನ್ನು ಗಾಳಿಯಲ್ಲಿ ನೇತಾಡಲು ಬಿಟ್ಟು ಗೊಂಬೆಯನ್ನು ವೀರನ ಭಂಗಿಯಲ್ಲಿ ನಿಲ್ಲಿಸಿದಾಗ, ಉಡುಪು ಹೇಳುವುದೊಂದು, ಗೊಂಬೆ ಹೇಳುವುದು ಇನ್ನೊಂದು. ಉಡುಪು 'ನಾನೊಬ್ಬನೇ ಏನೂ ಅಲ್ಲ, ಯಂತ್ರಕ್ಕೆ ಕಟ್ಟಿಹಾಕಿದ ಜೀವ' ಅನ್ನುತ್ತದೆ. ಗೊಂಬೆ 'ನನ್ನನ್ನು ನೋಡಿ' ಅನ್ನುತ್ತದೆ. ನೋಡುಗ ನಂಬುವುದು ಗೊಂಬೆಯನ್ನು.

ಉಡುಪನ್ನು ಕಾಪಾಡುವ ದೃಷ್ಟಿಯಿಂದಲೂ ಇದು ತಪ್ಪು. ಗೊಂಬೆಯ ಅಳತೆಗೆ ಬಟ್ಟೆ ಎಳೆಯಬಾರದು, ಬಟ್ಟೆಯ ಅಳತೆಗೆ ಗೊಂಬೆ ಮಾಡಬೇಕು ಎಂಬುದು ಉಡುಪುಗಳನ್ನು ಸಂರಕ್ಷಿಸುವವರ ಮೂಲ ಪಾಠ. ಮೃದುವಾದ ಫೋಮನ್ನು ಕೆತ್ತಿ, ಹೊಲಿಗೆಯ ಮೇಲೆ ಭಾರ ಬೀಳದಂತೆ ಒಳಗಿನಿಂದ ತುಂಬುತ್ತಾರೆ. ರಬ್ಬರ್ ಹಳತಾದಷ್ಟೂ ಬಿರುಸಾಗಿ ಬಿರಿಯುತ್ತದೆ, ಇಲ್ಲವೇ ಅಂಟಂಟಾಗುತ್ತದೆ. ಬಿಸಿಲಿಗೆ ನೈಲಾನ್ ಸೋಲುತ್ತದೆ. ಇನ್ನು ವಿಶಾಖಪಟ್ಟಣದ ಉಪ್ಪುಗಾಳಿ! ನಮ್ಮ ಬಾಲ್ಕನಿಯ ಕಬ್ಬಿಣದ ಕಟಕಟೆಯನ್ನೇ ಬಿಡದ ಗಾಳಿ ಹಳೆಯ ಜಿಪ್ಪನ್ನು ಬಿಡುತ್ತದೆಯೇ?

ಹಾಗಾದರೆ ಗೊಂಬೆಯೇ ಬೇಡವೆ? ನನ್ನ ಉತ್ತರ ವಿಜಯವಾಡದ ಪಕ್ಕದಲ್ಲೇ ಸಿಕ್ಕಿತು. ಕೊಂಡಪಲ್ಲಿಯಲ್ಲಿ ತೆಲ್ಲ ಪೊಣಿಕಿ ಎಂಬ ಹಗುರ ಮರದಿಂದ ಗೊಂಬೆ ಕೆತ್ತುತ್ತಾರೆ. ಕೈಕಾಲುಗಳನ್ನು ಬೇರೆ ಬೇರೆ ಮಾಡಿ, ಹುಣಸೆಬೀಜದ ಹಿಟ್ಟು ಮತ್ತು ಮರದ ಪುಡಿ ಕಲಸಿದ ಅಂಟಿನಿಂದ ಜೋಡಿಸಿ ಬಣ್ಣ ಹಚ್ಚುತ್ತಾರೆ. ದಶಾವತಾರವೂ ಇದೆ, ಅಂಬಾರಿ ಹೊತ್ತ ಆನೆಯೂ ಇದೆ. ನನ್ನ ಕಣ್ಣು ಹಿಡಿದದ್ದು ತಾಳೆಮರ ಹತ್ತುವವನು. ಅವನು ನಮ್ಮ ಕಡೆ ನೋಡುವುದಿಲ್ಲ. ಅವನ ಗಮನವೆಲ್ಲ ಮರದ ಮೇಲೆ, ಕಾಲಿನ ಹಿಡಿತದ ಮೇಲೆ. ಅಂಗೈಯಗಲದ ಗೊಂಬೆ ಒಬ್ಬ ಮನುಷ್ಯನ ಕಸುಬನ್ನು, ಅದರ ಅಪಾಯವನ್ನು ತೋರಿಸಿಬಿಡುತ್ತದೆ.

ಕುರ್ಸುರಾದ ಒಳ್ಳೆಯತನವೂ ಅಲ್ಲೇ ಇದೆ. 1969ರಲ್ಲಿ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಿಯಾದ, 2002ರಿಂದ ಸಂಗ್ರಹಾಲಯವಾಗಿರುವ ಈ ಜಲಾಂತರ್ಗಾಮಿಯಲ್ಲಿ ಗೊಂಬೆಗಳು ಇರುವುದು ತಮ್ಮ ಕೆಲಸದ ಜಾಗದಲ್ಲಿ, ಕೊಳವೆ ಚಕ್ರಗಳ ನಡುವೆ. ಕಲೆಯಾಗಿ ಅವು ಸಾಧಾರಣ, ಮುಖಗಳಲ್ಲಿ ಜೀವವಿಲ್ಲ. ಆದರೂ ಸುತ್ತಲಿನ ಇಕ್ಕಟ್ಟು ಅವುಗಳನ್ನು ಸುಳ್ಳು ಹೇಳಲು ಬಿಡುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಷ್ಟು ಜಾಗವೇ ಅಲ್ಲಿಲ್ಲ! ಜೊತೆಗೆ ವಿವರಿಸುವವರು ನಿವೃತ್ತ ನೌಕಾಪಡೆಯವರು. ಅವರ ಮಾತು ಕೇಳಿದ ಮೇಲೆ ಗೊಂಬೆಯ ತೋಳಿಗೂ ಸ್ವಲ್ಪ ಭಾರ ಬರುತ್ತದೆ.

ಎದುರಿನ ಟಿಯು-142 ನನಗೆ ಎರಡನೆಯ ತಕರಾರನ್ನು ಕಲಿಸಿತು. 1988ರಲ್ಲಿ ಬಂದು, 29 ವರ್ಷ ದುಡಿದು, ಅಪಘಾತವಿಲ್ಲದೆ 30,000 ಗಂಟೆ ಹಾರಿದವು ಎಂದು ನೌಕಾಪಡೆ ಹೆಮ್ಮೆಪಡುವ ವಿಮಾನಗಳು ಇವು. 2017ರ ಮಾರ್ಚ್‌ನಲ್ಲಿ ಅರಕ್ಕೋಣಂನ ಐಎನ್‌ಎಸ್ ರಜಾಲಿಯಲ್ಲಿ ಬೀಳ್ಕೊಡುಗೆ, ಅದೇ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಇಲ್ಲಿ ಸಂಗ್ರಹಾಲಯದ ಉದ್ಘಾಟನೆ. (ಊರಿಗೆ ಹೋದವರು ಕಾರವಾರದ ಟ್ಯಾಗೋರ್ ಕಡಲತೀರದಲ್ಲೂ ಇದರ ಸೋದರನನ್ನು ನೋಡಬಹುದು.) ಈ ವಿಮಾನದ ಕೆಲಸ ಗಂಟೆಗಟ್ಟಲೆ ಕಡಲ ಮೇಲೆ ಹಾರುತ್ತಾ ನೀರೊಳಗಿನ ಜಲಾಂತರ್ಗಾಮಿಯನ್ನು ಹುಡುಕುವುದು. ಅದಕ್ಕೆಂದು ನೀರಿಗೆಸೆಯುವ ಸೋನೊಬಾಯ್‌ಗಳು, ಆಪತ್ತಿನ ಕಿಟ್ಟು, ಎಂಜಿನ್ನು ಇಲ್ಲಿ ಪ್ರದರ್ಶನದಲ್ಲಿವೆ. ಹತ್ತಕ್ಕೂ ಹೆಚ್ಚು ಜನರ ತಂಡದಲ್ಲಿ ಚಾಲಕರು ಕೆಲವರಷ್ಟೇ. ಉಳಿದವರು ಪರದೆ ನೋಡುವವರು, ಸದ್ದಿಗೆ ಕಿವಿ ಕೊಡುವವರು, ಎಂಜಿನ್ ಕಾಯುವವರು. ಹೆಲ್ಮೆಟ್, ಮಾಸ್ಕ್ ಸಂಗ್ರಹಿಸುವ ಹವ್ಯಾಸಕ್ಕೆ ಇವರು ಕಾಣುವುದೇ ಇಲ್ಲ. ಬರೀ ಹೆಡ್‌ಫೋನ್ ಹಾಕಿಕೊಂಡು ಕುಳಿತವನ ಉಡುಪಿಗೆ ಯಾರು ದುಡ್ಡು ಕೊಡುತ್ತಾರೆ?

ಸಂಗ್ರಹಕಾರನಿಗೆ ಇನ್ನೊಂದು ಚಟವಿದೆ, ಪೂರ್ತಿ 'ಸೆಟ್' ಮಾಡುವ ಚಟ. ಹೆಲ್ಮೆಟ್ ಒಂದು ಕಡೆಯದು, ಮಾಸ್ಕ್ ಇನ್ನೊಂದು ಕಾಲದ್ದು, ಸಿಗದ ಕೈಗವಸಿಗೆ ಹೊಸ ನಕಲು. ಬ್ರಿಟನ್ನಿನ ಹಂಟರ್, ಫ್ರಾನ್ಸಿನ ಮಿಸ್ಟೇರ್, ಸೋವಿಯತ್ತಿನ ಮಿಗ್-21, ಇಷ್ಟನ್ನೂ ಹಾರಿಸಿದ ವಾಯುಪಡೆ ನಮ್ಮದು. ಆದ್ದರಿಂದ ಇಲ್ಲಿ ಯಾವುದರ ಜೊತೆ ಯಾವುದು ಎಂಬ ಪ್ರಶ್ನೆ ಇನ್ನಷ್ಟು ತೊಡಕಿನದು. ಇಲ್ಲದ್ದನ್ನು ಇಲ್ಲ ಎಂದೇ ತೋರಿಸುವ ಧೈರ್ಯವನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಕೈಗವಸಿಲ್ಲದಿದ್ದರೆ ಬರಿಗೈ ಇರಲಿ. ಜೊತೆಗೊಂದು ಚೀಟಿ ಬೇಕು: ಇದು ಯಾವ ವಿಮಾನದ್ದು, ಯಾವ ವರ್ಷದ್ದು, ಯಾವುದು ಮೂಲ, ಯಾವುದು ನಕಲು.

ಕೊನೆಯ ತಕರಾರು ಇವೆಲ್ಲಕ್ಕಿಂತ ದೊಡ್ಡದು. ಗಾಜಿನ ಪೆಟ್ಟಿಗೆಗೆ ಬರುವುದು ಸಾಮಾನ್ಯವಾಗಿ ಕಳಚಿ ಗೂಟಕ್ಕೆ ತೂಗುಹಾಕಿದ ಉಡುಪು. ಎಂದರೆ ಮರಳಿ ಬಂದವರದು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಮಿಸ್ಟೇರ್‌ನಲ್ಲಿ ಹೋದರು. ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಜೊತೆ ಸೆಣಸಿ ಅದನ್ನು ಕೆಡವಿದರು. ಅದರ ಪೈಲಟ್ ಹೊರಕ್ಕೆ ಚಿಮ್ಮಿ ಬದುಕಿದ, ದೇವಯ್ಯ ಮರಳಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಆ ಕಾಳಗದ ಸುಳಿವು ನಮಗೆ ಸಿಕ್ಕಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಗೊಂಬೆಗೆ ತೊಡಿಸಲು ಏನೂ ಉಳಿಯದವರ ಕತೆಯನ್ನು ಈ ಪ್ರದರ್ಶನ ಕಲೆ ಹೇಗೆ ಹೇಳುತ್ತದೆ?

ವಿಶಾಖಪಟ್ಟಣಕ್ಕೆ ಇದು ದೂರದ ಪ್ರಶ್ನೆಯಲ್ಲ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಒಳಗಿದ್ದವರು 29 ಜನ. ಅವರಲ್ಲಿ ಎಂಟು ಮಂದಿ ಇದೇ ಊರಿನ ನೌಕಾ ಶಸ್ತ್ರಾಗಾರದ ನಾಗರಿಕ ನೌಕರರು. ಏಳೂವರೆ ವರ್ಷಗಳ ಮೇಲೆ, 2024ರ ಜನವರಿಯಲ್ಲಿ, ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವಶೇಷ ಕಂಡಿತೆಂಬ ಸುದ್ದಿ ಬಂತು. ಆ ಎಂಟು ಮಂದಿ ಕೆಲಸದ ಮೇಲೆ ಹೊರಟ ನೌಕರರು, ನಮ್ಮ ನಿಮ್ಮ ಹಾಗೆ. ಪೈಲಟ್ ಉಡುಪಿನ ಯಾವ ಸಂಗ್ರಹದಲ್ಲೂ ಅವರಿಗೆ ಜಾಗವಾಗುವುದಿಲ್ಲ.

ಇಂಥ ಪ್ರದರ್ಶನಗಳನ್ನು ಕಟ್ಟುವವರಲ್ಲಿ ನನ್ನ ಬೇಡಿಕೆ ಸಣ್ಣದು. ಗೊಂಬೆಯನ್ನು ಕೂರಿಸಿ, ಕೊಳವೆಗಳನ್ನು ಯಾವುದಕ್ಕಾದರೂ ಜೋಡಿಸಿ, ಹೆಡ್‌ಫೋನಿನವನಿಗೂ ಒಂದು ಕುರ್ಚಿ ಕೊಡಿ. ಮರಳದವರ ಹೆಸರಿಗೆ ಒಂದು ಗೋಡೆ ಬಿಡಿ.

ಅಂದು ಸಂಜೆ ಮರಳಿನ ಮೇಲೆ ಕೂತಾಗ ಎಎನ್-32ರ ಸಂಗತಿಯನ್ನು ಅಮ್ಮನಿಗೆ ಹೇಳಿದೆ. ಮನೆಯಲ್ಲಿ ಗೊಂಬೆ ನೋಡಲು ಬಂದವರಿಗೆಲ್ಲ ಅವಳು ಒಂದೊಂದರ ಕತೆಯನ್ನೂ ಬಿಡದೆ ಹೇಳುತ್ತಾಳೆ: ಇದು ಅಜ್ಜಿ ತವರಿಂದ ತಂದದ್ದು, ಇದರ ಕೈ ಮುರಿದವನು ನನ್ನ ಮಗ. ಈಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಡಲ ಕಡೆ ನೋಡುತ್ತಾ ಕೇಳಿದಳು: 'ಆ ಎಂಟು ಮನೆಯವರೂ ಈ ಊರಲ್ಲೇ ಇದ್ದಾರೇನೋ? ಈ ಬೀಚಿಗೆ ಬರ್ತಾರಾ?'